ಬೋರ್ಡ್ ಮಾಡಿಸುವ ಮುನ್ನ ಸ್ಕೀಮ್ಯಾಟಿಕ್ ಪರಿಶೀಲನೆ: ಮೈಕ್ರೋಕಂಟ್ರೋಲರ್ ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಬ್ರೆಡ್‌ಬೋರ್ಡಿನಲ್ಲಿ ತಪ್ಪಾದರೆ ವೈರು ಕಿತ್ತು ಪಕ್ಕದ ತೂತಿಗೆ ಚುಚ್ಚಿದರೆ ಮುಗಿಯಿತು. ಪಿಸಿಬಿಯಲ್ಲಿ (ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ಅದೇ ತಪ್ಪು ತಾಮ್ರದಲ್ಲಿ ಅಚ್ಚಾಗಿ ಕೈಗೆ ಬರುತ್ತದೆ. ಆಮೇಲೆ ಟ್ರ್ಯಾಕ್ ಕೊಯ್ದು ಸಣ್ಣ ವೈರು ಬೆಸೆದು ಒದ್ದಾಡಬೇಕು, ಇಲ್ಲವೇ ಮತ್ತೊಮ್ಮೆ ಬೋರ್ಡ್ ಮಾಡಿಸಬೇಕು. ಹವ್ಯಾಸಿಗಳ ಬೋರ್ಡುಗಳಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಲೇಔಟ್ ಮಾಡುವಾಗ (ಭಾಗಗಳನ್ನೂ ತಾಮ್ರದ ಗೆರೆಗಳನ್ನೂ ಬೋರ್ಡಿನ ಮೇಲೆ ಕೂರಿಸುವಾಗ) ಹುಟ್ಟಿದವಲ್ಲ. ಅದಕ್ಕೂ ಮೊದಲೇ ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಯಾವುದು ಯಾವುದಕ್ಕೆ ಸೇರಬೇಕೆಂದು ತೋರಿಸುವ ಸರ್ಕ್ಯೂಟ್ ನಕ್ಷೆಯಲ್ಲಿ, ಬಂದು ಕೂತಿದ್ದವು.

ಗೆರೆಗಳೆಲ್ಲ ಕೂಡಿವೆಯೇ ಎಂದು ನೋಡುವ ಕೆಲಸವನ್ನು ಸಾಫ್ಟ್‌ವೇರೇ ಮಾಡುತ್ತದೆ. ನೀವು ಮಾಡಬೇಕಾದದ್ದು ಪ್ರತಿ ಪಿನ್ನಿನ ಮೇಲೂ ಬೆರಳಿಟ್ಟು ಒಂದು ಪ್ರಶ್ನೆ ಕೇಳುವುದು: ಈ ಹೊತ್ತಿನಲ್ಲಿ ಇಲ್ಲಿ ವೋಲ್ಟೇಜ್ ಎಷ್ಟಿದೆ, ಅದನ್ನು ನಿರ್ಧರಿಸುತ್ತಿರುವುದು ಯಾವುದು? ಪವರ್ ಏರುತ್ತಿರುವಾಗ, ಚಿಪ್ ರೀಸೆಟ್‌ನಲ್ಲಿರುವಾಗ, ಪ್ರೋಗ್ರಾಂ ತುಂಬುವಾಗ, ಕೋಡ್ ಓಡುತ್ತಿರುವಾಗ, ಬೋರ್ಡಿನ ಒಂದು ಭಾಗಕ್ಕೆ ಮಾತ್ರ ಪವರ್ ಇರುವಾಗ, ಹೀಗೆ ಐದು ಹೊತ್ತಿನಲ್ಲಿ ಐದು ಬೇರೆ ಉತ್ತರ ಬರಬಹುದು. ಸರ್ಕ್ಯೂಟ್ ಬರೆಯುವಾಗ ನಮ್ಮ ಕಣ್ಮುಂದೆ ಇರುವುದು ಕೋಡ್ ಓಡುವ ಹೊತ್ತು ಮಾತ್ರ. ಬೋರ್ಡ್ ಕೈಕೊಡುವುದು ಹೆಚ್ಚಾಗಿ ಉಳಿದ ನಾಲ್ಕರಲ್ಲಿ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಸರ್ಕ್ಯೂಟ್ ಇಟ್ಟುಕೊಳ್ಳೋಣ. 12 ವೋಲ್ಟ್ ಅಡಾಪ್ಟರ್, ಇಎಸ್‌ಪಿ32 ಮಾಡ್ಯೂಲ್ (ವೈಫೈ ಇರುವ ಮೈಕ್ರೋಕಂಟ್ರೋಲರ್), ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್, ಒಂದು ಸಣ್ಣ ಓಎಲ್‌ಇಡಿ ಪರದೆ, ಎರಡು ಬಟನ್, ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಮೂಲಕ ಓಡುವ 12 ವೋಲ್ಟ್ ನೀರಿನ ಪಂಪ್. ಗಿಡಗಳಿಗೆ ತಾನಾಗಿ ನೀರು ಹಾಯಿಸುವ ಬೋರ್ಡ್. ಬೇರೆ ಚಿಪ್ ಬಳಸುವವರಿಗಾಗಿ ಎಟಿಮೆಗಾ328ಪಿ, ಎಸ್‌ಟಿಎಂ32 ಕುರಿತೂ ಅಲ್ಲಲ್ಲಿ ಹೇಳುತ್ತೇನೆ.

ಹಂತ 1: ಕೂರುವ ಮೊದಲು

ಸ್ಕೀಮ್ಯಾಟಿಕ್ ಬರೆದ ದಿನವೇ ಪರಿಶೀಲಿಸಬೇಡಿ. ಅಂದು ಕಾಗದದ ಮೇಲೆ ಇರುವುದರ ಬದಲು ತಲೆಯಲ್ಲಿ ಇರುವುದೇ ಕಣ್ಣಿಗೆ ಕಾಣುತ್ತದೆ. ಒಂದು ರಾತ್ರಿ ಕಳೆಯಲಿ. ಆಮೇಲೆ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು, ಹೈಲೈಟರ್ ಹಿಡಿದು ಕೂರಿ. ಪರಿಶೀಲಿಸಿದ ಪ್ರತಿ ಪಿನ್ನಿಗೂ ಪ್ರತಿ ಗೆರೆಗೂ ಬಣ್ಣ ಬಳಿಯುತ್ತ ಹೋಗಿ. ಕೊನೆಗೆ ಬಣ್ಣವಿಲ್ಲದೆ ಉಳಿದದ್ದು ನೀವು ನೋಡದೆ ಬಿಟ್ಟದ್ದು.

ಪಕ್ಕದಲ್ಲಿ ಎಲ್ಲ ಭಾಗಗಳ ಡೇಟಾಶೀಟ್ (ತಯಾರಕರ ವಿವರಪತ್ರ) ತೆರೆದಿರಲಿ. ನೆನಪಿನಿಂದ ಪರಿಶೀಲಿಸಿದರೆ ತಪ್ಪು ನೆನಪೇ ಎರಡನೇ ಸಲವೂ ಗೆಲ್ಲುತ್ತದೆ. ಡೇಟಾಶೀಟ್‌ನಲ್ಲಿ ಗರಿಷ್ಠ ಸಹನಾ ಮಿತಿಯ ಕೋಷ್ಟಕ ಒಂದು, ಶಿಫಾರಸು ಮಾಡಿದ ಕೆಲಸದ ಮಿತಿಯ ಕೋಷ್ಟಕ ಇನ್ನೊಂದು. ಮೊದಲನೆಯದು ಚಿಪ್ ಸಾಯದೆ ಉಳಿಯುವ ಗಡಿ ಮಾತ್ರ. ವಿನ್ಯಾಸ ಮಾಡಬೇಕಾದದ್ದು ಎರಡನೆಯದನ್ನು ನೋಡಿ. ಎಟಿಮೆಗಾ328ಪಿಯ ಒಂದು ಪಿನ್ನಿಗೆ 40 ಮಿಲಿಆಂಪಿಯರ್ ಎಂದು ಎಲ್ಲರೂ ಹೇಳುವ ಅಂಕಿ ಮೊದಲ ಕೋಷ್ಟಕದ್ದು. ದಿನನಿತ್ಯದ ಲೆಕ್ಕಕ್ಕೆ 20 ಎಂದಿಟ್ಟುಕೊಳ್ಳಿ. ಹಾಗೆಯೇ ಚಿಪ್ ತಯಾರಕರು ಪ್ರಕಟಿಸುವ ಹಾರ್ಡ್‌ವೇರ್ ವಿನ್ಯಾಸ ಟಿಪ್ಪಣಿ ಹಾಗೂ ದೋಷಪಟ್ಟಿಯನ್ನೂ ಒಮ್ಮೆ ನೋಡಿ. ಹೆಚ್ಚೆಂದರೆ ಒಂದು ಗಂಟೆಯ ಓದು.

ಹಂತ 2: ಪವರ್

ಇಲ್ಲಿಂದಲೇ ಶುರು ಮಾಡಬೇಕು. ಪವರ್ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಮೊದಲು ಒಂದು ಲೆಕ್ಕದ ಹಾಳೆ ಮಾಡಿ. ಪ್ರತಿ ರೈಲಿನ (ಒಂದು ವೋಲ್ಟೇಜಿನ ಪವರ್ ಗೆರೆ) ಕೆಳಗೆ ಅದರಿಂದ ಕರೆಂಟ್ ಎಳೆಯುವ ಎಲ್ಲ ಭಾಗಗಳನ್ನೂ ಅವುಗಳ ಗರಿಷ್ಠ ಕರೆಂಟನ್ನೂ ಬರೆಯಿರಿ. ಇಎಸ್‌ಪಿ32 ವೈಫೈ ಕಳುಹಿಸುವಾಗ ಕ್ಷಣಕಾಲ 240 ಮಿಲಿಆಂಪಿಯರ್‌ವರೆಗೂ ಎಳೆಯುತ್ತದೆ. 3.3 ವೋಲ್ಟ್ ಪೂರೈಕೆ ಕನಿಷ್ಠ 500 ಮಿಲಿಆಂಪಿಯರ್ ಕೊಡುವಂತಿರಲಿ ಎಂದು ತಯಾರಕರೇ ಹೇಳುತ್ತಾರೆ. ಸರಾಸರಿಯನ್ನಷ್ಟೇ ನೋಡಿ ಚಿಕ್ಕ ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಹಾಕಿದರೆ, ವೈಫೈ ಶುರುವಾಗುವ ಕ್ಷಣಕ್ಕೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ಕೋಡಿನಲ್ಲಿ ದೋಷ ಹುಡುಕುತ್ತ ದಿನಗಟ್ಟಲೆ ಕಳೆಯುವವರಿದ್ದಾರೆ.

ಮುಂದಿನದು ಶಾಖ. ನಮ್ಮ ಉದಾಹರಣೆಯಲ್ಲಿ 12 ವೋಲ್ಟಿನಿಂದ 3.3 ವೋಲ್ಟಿಗೆ ಇಳಿಸಲು ಹಲವರ ಕೈ ಸಹಜವಾಗಿ ಹೋಗುವುದು ಎಎಂಎಸ್1117 ಕಡೆಗೆ, ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವ ರೆಗ್ಯುಲೇಟರ್ ಅದು. ಲೆಕ್ಕ ಹಾಕಿ ನೋಡಿ: ಅದರ ಮೇಲೆ ಬೀಳುವುದು 8.7 ವೋಲ್ಟ್. ಸರಾಸರಿ 100 ಮಿಲಿಆಂಪಿಯರ್ ಎಂದರೂ 0.87 ವ್ಯಾಟ್ ಶಾಖ; 250ಕ್ಕೆ ಏರಿದರೆ ಸುಮಾರು 2.2 ವ್ಯಾಟ್. ಆ ಚಿಕ್ಕ ಮೈಗೆ ಬೋರ್ಡಿನ ಮೇಲೆ ಪ್ರತಿ ವ್ಯಾಟಿಗೆ 60 ಡಿಗ್ರಿ ಏರಿಕೆ ಎಂದು ಹಿಡಿದರೆ, 2.2 ವ್ಯಾಟಿಗೆ ಸುತ್ತಲಿನ ಉಷ್ಣಾಂಶಕ್ಕಿಂತ 130 ಡಿಗ್ರಿ ಮೇಲೆ. ಯಾವ ರೆಗ್ಯುಲೇಟರೂ ಇದನ್ನು ತಾಳದು. ಇಲ್ಲಿ ಬಕ್ ಕನ್ವರ್ಟರೇ (ವೇಗವಾಗಿ ಸ್ವಿಚ್ ಮಾಡುತ್ತ, ಕಡಿಮೆ ಶಾಖದಲ್ಲಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಸರಿ. ಅದೇ ಎಎಂಎಸ್1117 ಅನ್ನು 5 ವೋಲ್ಟ್ ಯುಎಸ್‌ಬಿಯಿಂದ ಓಡಿಸಿದರೆ ತೊಂದರೆ ಇಲ್ಲ. ಇನ್ನು ಒಂಟಿ ಲಿಥಿಯಂ ಸೆಲ್‌ನಿಂದ ಓಡಿಸಲು ಹೋದರೆ ಅದು ಮತ್ತೆ ಕೈಕೊಡುತ್ತದೆ: ಪೂರ್ಣ ಹೊರೆಯಲ್ಲಿ ಅದಕ್ಕೆ ಔಟ್‌ಪುಟ್‌ಗಿಂತ 1.1 ವೋಲ್ಟಿನಷ್ಟು ಹೆಚ್ಚು ಬೇಕು, ಅಂದರೆ 4.4 ವೋಲ್ಟ್, ಸೆಲ್ ಪೂರ್ತಿ ತುಂಬಿದಾಗಲೂ ಇರುವುದು 4.2. ಜೊತೆಗೆ ಏನೂ ಕೆಲಸವಿಲ್ಲದಾಗಲೂ ಅದು ತಾನೇ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತದೆ. ಬ್ಯಾಟರಿ ಬೋರ್ಡಿಗೆ ಎಂಸಿಪಿ1700ನಂಥ, ಸುಮ್ಮನಿದ್ದಾಗ 2 ಮೈಕ್ರೋಆಂಪಿಯರ್‌ಗೂ ಕಡಿಮೆ ಎಳೆಯುವ ರೆಗ್ಯುಲೇಟರ್ ನೋಡಿ. ಆದರೆ ಅದು ಕೊಡುವುದು 250 ಮಿಲಿಆಂಪಿಯರ್ ಮಾತ್ರ ಎಂಬುದನ್ನು ಲೆಕ್ಕದ ಹಾಳೆಯೊಂದಿಗೆ ತಾಳೆ ನೋಡಬೇಕು.

ರೆಗ್ಯುಲೇಟರಿನ ಎರಡೂ ಕಡೆಯ ಕೆಪಾಸಿಟರ್‌ಗಳನ್ನು ಡೇಟಾಶೀಟ್ ಹೇಳಿದಷ್ಟೇ, ಹೇಳಿದ ಬಗೆಯದೇ ಹಾಕಿ. ಕೆಲವು ಹಳೆಯ ವಿನ್ಯಾಸದ ರೆಗ್ಯುಲೇಟರ್‌ಗಳು ಔಟ್‌ಪುಟ್‌ನಲ್ಲಿ ಟ್ಯಾಂಟಲಂ ಕೆಪಾಸಿಟರ್ ಇರುತ್ತದೆಂದು ನಂಬಿ ಮಾಡಿದವು. ಸೆರಾಮಿಕ್ ಹಾಕಿದರೆ ಆಂದೋಲನಕ್ಕೆ ಬೀಳಬಹುದು. ಸೆರಾಮಿಕ್ ಕೆಪಾಸಿಟರ್‌ಗಳದ್ದು ಇನ್ನೊಂದು ಗುಣ: ವೋಲ್ಟೇಜ್ ಏರಿದಂತೆ ಅವುಗಳ ಸಾಮರ್ಥ್ಯ ಇಳಿಯುತ್ತದೆ. 16 ವೋಲ್ಟ್ ಎಂದು ಬರೆದಿರುವ ಚಿಕ್ಕ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 12 ವೋಲ್ಟಿಗೆ ಹಾಕಿದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಆಗಬಹುದು. 12 ವೋಲ್ಟ್ ಕಡೆಗೆ 25 ಅಥವಾ 35 ವೋಲ್ಟಿನದನ್ನೇ ಆರಿಸಿ.

ಅಡಾಪ್ಟರ್ ತಲೆಕೆಳಗಾಗಿ ಜೋಡಿಸಿದರೆ ಏನಾಗುತ್ತದೆ? ಸರಣಿಯಲ್ಲಿ ಒಂದು ಶಾಟ್ಕಿ ಡಯೋಡ್ ಇಟ್ಟರೆ ಸಾಕು, 0.3ರಿಂದ 0.5 ವೋಲ್ಟ್ ನಷ್ಟ. ಆ ನಷ್ಟವೂ ಬೇಡವೆಂದರೆ ಪಿ-ಚಾನೆಲ್ ಮಾಸ್‌ಫೆಟ್. ಇದರ ದಿಕ್ಕು ಬಹಳ ಜನರನ್ನು ಎಡವಿಸುತ್ತದೆ: ಡ್ರೇನ್ ಅಡಾಪ್ಟರ್ ಕಡೆಗೆ, ಸೋರ್ಸ್ ಬೋರ್ಡ್ ಕಡೆಗೆ, ಗೇಟ್ (ಮಾಸ್‌ಫೆಟ್ ತೆರೆದು ಮುಚ್ಚುವ ಕಾಲು) ಗ್ರೌಂಡಿಗೆ. ಸಾಮಾನ್ಯವಾಗಿ ಸ್ವಿಚ್ ಮಾಡುವ ರೀತಿಗೆ ತದ್ವಿರುದ್ಧ. ಹೀಗೆ ಇಟ್ಟಾಗ ಒಳಗಿನ ಡಯೋಡ್ ಬೋರ್ಡಿನ ಕಡೆ ಮುಖ ಮಾಡುತ್ತದೆ. ತಿರುಗಿಸಿ ಇಟ್ಟರೆ ಉಲ್ಟಾ ಪವರನ್ನು ಅದೇ ಡಯೋಡ್ ಒಳಗೆ ಬಿಟ್ಟುಕೊಳ್ಳುತ್ತದೆ. ಗೇಟ್–ಸೋರ್ಸ್ ನಡುವಿನ ಗರಿಷ್ಠ ವೋಲ್ಟೇಜನ್ನೂ ನೋಡಿ. ಎಒ3401ಗೆ ಅದು 12 ವೋಲ್ಟ್, ನಮ್ಮ ಅಡಾಪ್ಟರೂ 12. ಅಂಚಿನಲ್ಲಿ ನಿಲ್ಲುವ ಬದಲು ಗೇಟಿಗೆ ಒಂದು ಝೀನರ್, ಒಂದು ರೆಸಿಸ್ಟರ್ ಸೇರಿಸಿ.

ಹಂತ 3: ಚಿಪ್ಪಿನ ಸುತ್ತಮುತ್ತ

ಚಿಪ್ಪಿನ ಪ್ರತಿ ಪವರ್ ಪಿನ್ನಿಗೂ ಅದರದೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಬೇಕು. ಸ್ಕೀಮ್ಯಾಟಿಕ್‌ನ ಮೂಲೆಯಲ್ಲಿ ಆರು ಕೆಪಾಸಿಟರ್ ಸಾಲಾಗಿ ಬರೆದಿಟ್ಟರೆ ಯಾವುದು ಯಾವ ಪಿನ್ನಿನದೆಂದು ಲೇಔಟ್ ಹೊತ್ತಿಗೆ ಮರೆತಿರುತ್ತದೆ. ಆಯಾ ಪಿನ್ನಿನ ಪಕ್ಕದಲ್ಲೇ ಬರೆಯಿರಿ, ಇಲ್ಲವೇ ಟಿಪ್ಪಣಿ ಹಾಕಿ. ಇಡೀ ಚಿಪ್ಪಿಗೆ ಒಂದು 10 ಮೈಕ್ರೋಫ್ಯಾರಡ್ ಸೇರಲಿ.

ಅನಲಾಗ್ ಪವರ್ ಪಿನ್ ಖಾಲಿ ಬಿಡುವುದು ಪದೇ ಪದೇ ಕಾಣುವ ತಪ್ಪು. ‘ಎಡಿಸಿ (ಅನಲಾಗ್ ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಭಾಗ) ಬಳಸುತ್ತಿಲ್ಲವಲ್ಲ’ ಎಂಬುದು ಸಮರ್ಥನೆ. ಎಟಿಮೆಗಾ328ಪಿಯಲ್ಲಿ ಎವಿಸಿಸಿ ಪಿನ್ ಪೋರ್ಟ್ ಸಿಯ ಕೆಲವು ಪಿನ್ನುಗಳಿಗೂ ಪವರ್ ಕೊಡುತ್ತದೆ. ಎಡಿಸಿ ಬಳಸಲಿ ಬಿಡಲಿ, ಅದನ್ನು ಜೋಡಿಸಲೇಬೇಕು. ಅದೇ ಚಿಪ್ಪಿನ ಎಆರ್‌ಇಎಫ್ ಪಿನ್ನಿಗೆ 100 ನ್ಯಾನೋಫ್ಯಾರಡ್ ಮಾತ್ರ. ನೇರವಾಗಿ ಪವರಿಗೆ ಕಟ್ಟಿ, ಕೋಡಿನಲ್ಲಿ ಒಳಗಿನ ರೆಫರೆನ್ಸ್ ಆರಿಸಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಎಸ್‌ಟಿಎಂ32ನಲ್ಲಿ ವಿಡಿಡಿಎ, ವಿಬ್ಯಾಟ್ ಎರಡನ್ನೂ ಹುಡುಕಿ ನೋಡಿ. ಎಫ್4 ಸರಣಿಯ ವಿಕ್ಯಾಪ್ ಪಿನ್ನುಗಳಿಗೆ ಡೇಟಾಶೀಟ್ ಹೇಳುವ ಕೆಪಾಸಿಟರ್ ಇರಲೇಬೇಕು, ಅವನ್ನು ಪವರಿಗೆ ಸೇರಿಸಬಾರದು.

ಗಡಿಯಾರದ ವೇಗಕ್ಕೂ ವೋಲ್ಟೇಜಿಗೂ ನಂಟಿದೆ. ಎಟಿಮೆಗಾ328ಪಿ 4.5 ವೋಲ್ಟಿನಲ್ಲಿ 20 ಮೆಗಾಹರ್ಟ್ಝ್, 2.7 ವೋಲ್ಟಿನಲ್ಲಿ 10. ನಡುವೆ ನೇರ ಗೆರೆ ಎಳೆದರೆ 3.3 ವೋಲ್ಟಿಗೆ ಸಿಗುವುದು ಸುಮಾರು 13.3. ಹಾಗಾಗಿ 3.3 ವೋಲ್ಟಿನಲ್ಲಿ 16 ಮೆಗಾಹರ್ಟ್ಝ್ ಕ್ರಿಸ್ಟಲ್ ಹಾಕುವುದು ಮಿತಿ ಮೀರಿದ ಬಳಕೆ. ಮೇಜಿನ ಮೇಲೆ ಓಡುತ್ತದೆ ಎಂಬುದು ಅದಕ್ಕೆ ಉತ್ತರವಲ್ಲ. 8 ಮೆಗಾಹರ್ಟ್ಝ್ ಹಾಕಿ.

ಕ್ರಿಸ್ಟಲ್ಲಿನ ಎರಡು ಕೆಪಾಸಿಟರ್‌ಗೆ ಎಲ್ಲರೂ ಕಣ್ಣುಮುಚ್ಚಿ 22 ಪಿಕೊಫ್ಯಾರಡ್ ಬರೆಯುತ್ತಾರೆ. ಕ್ರಿಸ್ಟಲ್ಲಿನ ಡೇಟಾಶೀಟ್ ಹೇಳುವ ಲೋಡ್ ಕೆಪಾಸಿಟೆನ್ಸ್‌ನಿಂದ ಬೋರ್ಡಿನದೇ ಆದ 4 ಪಿಕೊಫ್ಯಾರಡ್‌ನಷ್ಟನ್ನು ಕಳೆದು, ಉಳಿದದ್ದನ್ನು ಎರಡರಿಂದ ಗುಣಿಸಿ. 18 ಎಂದಿದ್ದರೆ 28 ಬರುತ್ತದೆ, 27 ಹಾಕಿ. 12 ಎಂದಿದ್ದರೆ 16 ಬರುತ್ತದೆ, 15 ಹಾಕಿ.

ಹಂತ 4: ಕೋಡ್ ಓಡುವ ಮೊದಲಿನ ಹೊತ್ತು

ಇಡೀ ಪರಿಶೀಲನೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು ಎಂದು ನನ್ನ ಗಟ್ಟಿ ಅಭಿಪ್ರಾಯ. ರೀಸೆಟ್‌ನಲ್ಲಿ ಮೈಕ್ರೋಕಂಟ್ರೋಲರಿನ ಹೆಚ್ಚಿನ ಪಿನ್ನುಗಳು ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತವೆ. ನಿಮ್ಮ ಕೋಡಿನ ಮೊದಲ ಸಾಲು ಓಡುವ ತನಕ ಅವುಗಳ ಹೊಣೆ ಹೊರಗಿನ ರೆಸಿಸ್ಟರ್‌ಗಳದು. ಪ್ರೋಗ್ರಾಂ ತುಂಬುವಾಗಲಂತೂ ಈ ಸ್ಥಿತಿ ಎಷ್ಟೋ ಸೆಕೆಂಡು ಮುಂದುವರಿಯುತ್ತದೆ.

ರೀಸೆಟ್ ಪಿನ್ನಿಗೆ ಪುಲ್‌ಅಪ್ (ಪಿನ್ನನ್ನು ಪವರ್ ಕಡೆಗೆ ಎಳೆದಿಡುವ ರೆಸಿಸ್ಟರ್; ಗ್ರೌಂಡ್ ಕಡೆಗೆ ಎಳೆದರೆ ಪುಲ್‌ಡೌನ್) ಇದೆಯೇ ನೋಡಿ. ಎಟಿಮೆಗಾಗೆ 10 ಕಿಲೋಓಮ್. ಇಎಸ್‌ಪಿ32ನ ಇಎನ್ ಪಿನ್ನಿಗೆ 10 ಕಿಲೋಓಮ್ ಜೊತೆಗೆ ಗ್ರೌಂಡಿಗೆ 1 ಮೈಕ್ರೋಫ್ಯಾರಡ್, ಪವರ್ ನೆಲೆಗೊಂಡ ಮೇಲೆ ಚಿಪ್ ಏಳಲಿ ಎಂದು. ಎಸ್‌ಟಿಎಂ32ಎಫ್103ನ ಬೂಟ್0 ಪಿನ್ನನ್ನು 10 ಕಿಲೋಓಮ್ ಮೂಲಕ ಗ್ರೌಂಡಿಗೆ ಎಳೆಯಿರಿ. ಖಾಲಿ ಬಿಟ್ಟರೆ ಚಿಪ್ ಒಮ್ಮೆ ನಿಮ್ಮ ಕೋಡನ್ನೂ ಇನ್ನೊಮ್ಮೆ ತನ್ನ ಬೂಟ್‌ಲೋಡರನ್ನೂ ಓಡಿಸುತ್ತದೆ.

ಇನ್ನು ಇಎಸ್‌ಪಿ32ನ ವಿಶೇಷ ಪಿನ್ನುಗಳು. 0, 2, 5, 12, 15 ಈ ಐದು ಜಿಪಿಐಒಗಳ (ಇನ್‌ಪುಟ್–ಔಟ್‌ಪುಟ್ ಪಿನ್ನುಗಳು) ವೋಲ್ಟೇಜನ್ನು ಚಿಪ್ ಏಳುವ ಕ್ಷಣದಲ್ಲಿ ಓದಿಕೊಂಡು ತಾನು ಹೇಗೆ ಏಳಬೇಕೆಂದು ನಿರ್ಧರಿಸುತ್ತದೆ. ನಮ್ಮ ಬೋರ್ಡಿನ ಒಂದು ಬಟನ್ 12ಕ್ಕೆ ಹೋಗಿದೆ, ಅದಕ್ಕೆ 3.3 ವೋಲ್ಟಿಗೆ 10 ಕಿಲೋಓಮ್ ಪುಲ್‌ಅಪ್ ಇದೆ, ಒತ್ತಿದರೆ ಗ್ರೌಂಡ್. ಪಠ್ಯಪುಸ್ತಕದ ಬಟನ್ ಸರ್ಕ್ಯೂಟ್, ನೋಡಲು ಒಂದು ತಪ್ಪೂ ಇಲ್ಲ. ಆದರೆ ಏಳುವ ಕ್ಷಣದಲ್ಲಿ 12 ಮೇಲಿದ್ದರೆ, ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಕೊಡಬೇಕೆಂದು ಚಿಪ್ ತಿಳಿಯುತ್ತದೆ. ಸಾಮಾನ್ಯ ಮಾಡ್ಯೂಲುಗಳಲ್ಲಿರುವ ಫ್ಲ್ಯಾಶ್ 3.3 ವೋಲ್ಟಿನದು. ಬೋರ್ಡ್ ಏಳುವುದೇ ಇಲ್ಲ. ಬಟನ್ ಒತ್ತಿ ಹಿಡಿದು ಪವರ್ ಕೊಟ್ಟರೆ ಮಾತ್ರ ಏಳುತ್ತದೆ! ಇಂಥದ್ದನ್ನು ಯಾವ ಸಾಫ್ಟ್‌ವೇರ್ ತಪಾಸಣೆಯೂ ಹಿಡಿಯದು.

ಎರಡನೇ ಬಟನ್ 34ಕ್ಕೆ ಹೋಗಿದೆ, ಪುಲ್‌ಅಪ್ ಕೋಡಿನಲ್ಲಿ ಆನ್ ಮಾಡುವ ಯೋಚನೆ. 34ರಿಂದ 39ರವರೆಗಿನ ಪಿನ್ನುಗಳು ಇನ್‌ಪುಟ್ ಮಾತ್ರ, ಅವುಗಳಲ್ಲಿ ಒಳಗಿನ ಪುಲ್‌ಅಪ್ ಇಲ್ಲವೇ ಇಲ್ಲ. ಹೊರಗೆ ಒಂದು ರೆಸಿಸ್ಟರ್ ಹಾಕದಿದ್ದರೆ ಬಟನ್ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿರುತ್ತದೆ. 6ರಿಂದ 11 ಒಳಗಿನ ಫ್ಲ್ಯಾಶಿಗೆ ಮೀಸಲು, ಅವನ್ನು ಮುಟ್ಟಬೇಡಿ.

ಪಂಪನ್ನು ಓಡಿಸುವ ಮಾಸ್‌ಫೆಟ್ಟಿನ ಗೇಟ್ 5ನೇ ಪಿನ್ನಿನಲ್ಲಿದೆ ಎನ್ನಿ. ಈ ಪಿನ್ನಿಗೆ ರೀಸೆಟ್ ಹೊತ್ತಿನಲ್ಲಿ ಒಳಗಿನಿಂದ ಸುಮಾರು 45 ಕಿಲೋಓಮ್ ಪುಲ್‌ಅಪ್ ಇರುತ್ತದೆ. ನೀವು ಗೇಟಿಗೆ 10 ಕಿಲೋಓಮ್ ಪುಲ್‌ಡೌನ್ ಹಾಕಿದ್ದೀರಿ, ನೆಮ್ಮದಿಯಾಗಿದ್ದೀರಿ. ಲೆಕ್ಕ ಹಾಕಿದರೆ ಗೇಟಿನಲ್ಲಿ ನಿಲ್ಲುವುದು 0.6 ವೋಲ್ಟ್. ಕಡಿಮೆ ವೋಲ್ಟೇಜಿಗೇ ತೆರೆದುಕೊಳ್ಳುವ ಮಾಸ್‌ಫೆಟ್‌ಗಳ ಕನಿಷ್ಠ ಥ್ರೆಶೋಲ್ಡ್ (ತೆರೆಯಲು ಶುರುವಾಗುವ ವೋಲ್ಟೇಜ್) ಇದಕ್ಕೆ ತೀರಾ ಹತ್ತಿರ. ಪುಲ್‌ಡೌನ್ ಇಲ್ಲದಿದ್ದರಂತೂ ಪವರ್ ಕೊಟ್ಟಾಗಲೆಲ್ಲ ಪಂಪ್ ಒಮ್ಮೆ ಓಡಿಯೇ ತೀರುತ್ತದೆ. ಇದಕ್ಕೆ ಮದ್ದು ಸುಲಭ: ಗೇಟನ್ನು 25, 26, 27, 32, 33 ಇವುಗಳಲ್ಲಿ ಒಂದಕ್ಕೆ ಸರಿಸಿ, ಪುಲ್‌ಡೌನ್ ಉಳಿಸಿಕೊಳ್ಳಿ. ಸ್ಕೀಮ್ಯಾಟಿಕ್ ಹಂತದಲ್ಲಿ ಪಿನ್ ಬದಲಾಯಿಸಲು ಖರ್ಚಿಲ್ಲ.

ಇದೇ ದೃಷ್ಟಿಯಿಂದ ಎಸ್‌ಪಿಐ (ಹಲವು ಚಿಪ್‌ಗಳು ಹಂಚಿಕೊಳ್ಳುವ ಸಂಪರ್ಕದ ಗೆರೆಗಳು) ಚಿಪ್‌ಗಳ ಸೆಲೆಕ್ಟ್ ಪಿನ್ನುಗಳನ್ನೂ, ಅಂದರೆ ಯಾವ ಚಿಪ್ ಮಾತಾಡಬೇಕೆಂದು ಹೇಳುವ ಪಿನ್ನುಗಳನ್ನೂ, ನೋಡಿ. ಎಟಿಮೆಗಾಗೆ ಪ್ರೋಗ್ರಾಂ ತುಂಬುವುದು ಅದೇ ಎಸ್‌ಪಿಐ ಗೆರೆಗಳ ಮೂಲಕ. ಆ ಹೊತ್ತಿನಲ್ಲಿ ಎಸ್‌ಡಿ ಕಾರ್ಡೋ ರೇಡಿಯೋವೋ ತನ್ನನ್ನೇ ಕರೆದರೆಂದು ಮಾತಾಡಲು ಶುರು ಮಾಡಿದರೆ ಪ್ರೋಗ್ರಾಮಿಂಗ್ ಕೆಡುತ್ತದೆ. ಪ್ರತಿ ಸೆಲೆಕ್ಟ್ ಗೆರೆಗೂ 10 ಕಿಲೋಓಮ್ ಪುಲ್‌ಅಪ್ ಹಾಕಿ.

ಹಂತ 5: ಅರ್ಧ ಪವರ್ ಇರುವ ಹೊತ್ತು

ಬೋರ್ಡಿಗೆ ಅಡಾಪ್ಟರ್ ಕೊಟ್ಟಿಲ್ಲ, ಆದರೆ ಯುಎಸ್‌ಬಿ–ಸೀರಿಯಲ್ ಅಡಾಪ್ಟರ್ ಜೋಡಿಸಿದ್ದೀರಿ. ಅದರ ಟಿಎಕ್ಸ್ (ಕಳುಹಿಸುವ) ಗೆರೆ ಸುಮ್ಮನಿದ್ದಾಗಲೂ ಮೇಲೆಯೇ ಇರುತ್ತದೆ. ಆ ವೋಲ್ಟೇಜ್ ಮೈಕ್ರೋಕಂಟ್ರೋಲರಿನ ಆರ್‌ಎಕ್ಸ್ (ಸ್ವೀಕರಿಸುವ) ಪಿನ್ನಿನ ಒಳಗಿನ ರಕ್ಷಣಾ ಡಯೋಡ್ ಮೂಲಕ ನುಸುಳಿ 3.3 ವೋಲ್ಟ್ ರೈಲಿಗೆ ಹರಿಯುತ್ತದೆ. ಪವರ್ ಎಲ್‌ಇಡಿ ಮಂಕಾಗಿ ಉರಿಯುತ್ತದೆ. ಚಿಪ್ ಸರಿಯಾಗಿ ಆರಿಯೂ ಇಲ್ಲ, ಎದ್ದೂ ಇಲ್ಲ. ಆಮೇಲೆ ನಿಜವಾದ ಪವರ್ ಬಂದಾಗ ರೀಸೆಟ್ ಆಗದೆ ಹೋಗಬಹುದು. ಬೇರೆ ಬೇರೆ ಪವರಿನಲ್ಲಿ ಓಡುವ ಎರಡು ಭಾಗಗಳ ನಡುವೆ ಹೋಗುವ ಪ್ರತಿ ಗೆರೆಯನ್ನೂ ಹುಡುಕಿ ಗುರುತಿಸಿ. ನಿಧಾನದ ಗೆರೆಯಾದರೆ ಸರಣಿಯಲ್ಲಿ 1 ಕಿಲೋಓಮ್ ಹಾಕಿ ಕರೆಂಟ್ ಕಟ್ಟಿಹಾಕಬಹುದು. ಬ್ಯಾಟರಿ ಉಳಿಸಲು ಸೆನ್ಸರಿನ ಪವರನ್ನು ಕೋಡಿನಿಂದ ಆರಿಸುವವರಿಗೂ ಇದೇ ಮಾತು: ಪವರ್ ಆರಿಸಿ ಐಸ್ಕ್ವೇರ್‌ಸಿ (ಎರಡು ಗೆರೆಯಲ್ಲಿ ಹಲವು ಚಿಪ್‌ಗಳು ಮಾತಾಡುವ ಸಂಪರ್ಕ) ಪುಲ್‌ಅಪ್‌ಗಳನ್ನು ಮುಖ್ಯ ರೈಲಿಗೇ ಬಿಟ್ಟರೆ ಸೆನ್ಸರ್ ಹಿಂಬಾಗಿಲಿನಿಂದ ಕುಡಿಯುತ್ತಲೇ ಇರುತ್ತದೆ.

ಹಂತ 6: ಭಾರ ಎಳೆಯುವ ಭಾಗಗಳು

ಮಾಸ್‌ಫೆಟ್ ಆರಿಸುವಾಗ ಥ್ರೆಶೋಲ್ಡ್ ವೋಲ್ಟೇಜ್ ನೋಡಿ ‘3.3ಕ್ಕೆ ತೆರೆಯುತ್ತದೆ’ ಎಂದುಕೊಳ್ಳುವುದು ದೊಡ್ಡ ಮೋಸ. ಥ್ರೆಶೋಲ್ಡ್ ಎಂದರೆ ಕರೆಂಟ್ ತೊಟ್ಟಿಕ್ಕಲು ಶುರುವಾಗುವ ಜಾಗ, ಪೂರ್ತಿ ತೆರೆಯುವ ಜಾಗ ಅಲ್ಲ. ಡೇಟಾಶೀಟ್‌ನಲ್ಲಿ ಆನ್ ರೆಸಿಸ್ಟೆನ್ಸ್ ಯಾವ ಗೇಟ್ ವೋಲ್ಟೇಜಿಗೆ ಕೊಟ್ಟಿದ್ದಾರೆ ಅದನ್ನು ನೋಡಿ. ಐಆರ್‌ಎಫ್‌ಝಡ್44ಎನ್‌ಗೆ ಕೊಟ್ಟಿರುವುದು 10 ವೋಲ್ಟಿಗೆ. ‘ಲಾಜಿಕ್ ಲೆವೆಲ್’ ಎಂದು ಹೆಸರಾದ ಐಆರ್‌ಎಲ್‌ಝಡ್44ಎನ್‌ಗೆ ಕೂಡ 4 ವೋಲ್ಟಿಗಿಂತ ಕೆಳಗೆ ಭರವಸೆ ಇಲ್ಲ. 5 ವೋಲ್ಟ್ ಬೋರ್ಡಿಗೆ ಅದು ಸೊಗಸು, ಇಎಸ್‌ಪಿ32ಗೆ ಅಲ್ಲ. ಎಒ3400 ಗೆ 2.5 ವೋಲ್ಟಿನ ಅಂಕಿಯೇ ಇದೆ. ನಮ್ಮ ಪಂಪಿಗೆ ಅದು ಸಾಕು.

ಪಂಪ್, ರಿಲೇ, ಸೊಲೆನಾಯ್ಡ್ ಯಾವುದೇ ಇರಲಿ, ಅಡ್ಡಲಾಗಿ ಡಯೋಡ್ ಬೇಕು. ಗೆರೆಯಿರುವ ತುದಿ 12 ವೋಲ್ಟ್ ಕಡೆಗೆ. ಪಂಪಿನ ವೇಗವನ್ನು ಪಿಡಬ್ಲ್ಯುಎಂನಿಂದ (ಪವರನ್ನು ವೇಗವಾಗಿ ಆನ್–ಆಫ್ ಮಾಡುವ ವಿಧಾನ) ಬದಲಾಯಿಸುವುದಾದರೆ 1ಎನ್4007 ನಿಧಾನವಾಯಿತು, ಶಾಟ್ಕಿ ಹಾಕಿ.

ರಿಲೇಯನ್ನು ಸಾಮಾನ್ಯ ಎನ್‌ಪಿಎನ್ ಟ್ರಾನ್ಸಿಸ್ಟರಿನಿಂದ ಓಡಿಸುವಾಗ ಬೇಸ್ ರೆಸಿಸ್ಟರಿಗೆ ಸುಮ್ಮನೆ 10 ಕಿಲೋಓಮ್ ಬರೆಯುವ ಅಭ್ಯಾಸವಿದೆ. 5 ವೋಲ್ಟಿನ ರಿಲೇ 70 ಮಿಲಿಆಂಪಿಯರ್ ಎಳೆದರೆ ಬೇಸಿಗೆ ಅದರ ಹತ್ತನೇ ಒಂದು ಭಾಗ, 7 ಮಿಲಿಆಂಪಿಯರ್ ಕೊಡಬೇಕು. 3.3ರಲ್ಲಿ 0.7 ಕಳೆದು ಭಾಗಿಸಿದರೆ 370 ಓಮ್, 330 ಹಾಕಿ. 10 ಕಿಲೋಓಮ್ ಹಾಕಿದರೆ ಸಿಗುವುದು 0.26 ಮಿಲಿಆಂಪಿಯರ್, ಕೆಲವು ಟ್ರಾನ್ಸಿಸ್ಟರ್‌ಗಳಲ್ಲಿ ರಿಲೇ ಹಿಡಿಯುತ್ತದೆ, ಕೆಲವದರಲ್ಲಿ ಇಲ್ಲ.

ಹಂತ 7: ಮಾತುಕತೆಯ ಗೆರೆಗಳು

ಯುಎಆರ್‌ಟಿಯಲ್ಲಿ (ಸೀರಿಯಲ್ ಸಂಪರ್ಕ) ಟಿಎಕ್ಸ್ ಎದುರಿನವರ ಆರ್‌ಎಕ್ಸ್‌ಗೆ ಹೋಗಬೇಕು. ಗೆರೆಗೆ ಬರೀ ‘ಟಿಎಕ್ಸ್’ ಎಂದು ಹೆಸರಿಟ್ಟರೆ ಯಾರ ಟಿಎಕ್ಸ್ ಎಂಬ ಗೊಂದಲ ಹುಟ್ಟುತ್ತದೆ. ‘ಇಎಸ್‌ಪಿಯಿಂದ ಜಿಪಿಎಸ್‌ಗೆ’ ಎಂಬಂತೆ ದಿಕ್ಕು ಸೇರಿಸಿ ಹೆಸರಿಡಿ. ಕೆಲವು ಮಾಡ್ಯೂಲುಗಳ ಮೇಲೆ ಎದುರಿನ ಪಿನ್ನಿನ ಹೆಸರೇ ಅಚ್ಚಾಗಿರುತ್ತದೆ, ಡೇಟಾಶೀಟ್ ನೋಡದೆ ನಂಬಬೇಡಿ.

ಐಸ್ಕ್ವೇರ್‌ಸಿಗೆ ಪುಲ್‌ಅಪ್ ಇರಲೇಬೇಕು, ಸಾಮಾನ್ಯವಾಗಿ 4.7 ಕಿಲೋಓಮ್. ಸಿದ್ಧ ಮಾಡ್ಯೂಲುಗಳಲ್ಲಿ ಅವು ಮೊದಲೇ ಇರುತ್ತವೆ, ಎಲ್ಲವೂ ಸಮಾಂತರವಾಗಿ ಸೇರುತ್ತವೆ. ಅಂಥ ಐದು ಮಾಡ್ಯೂಲ್ ಕೂಡಿದರೆ 0.94 ಕಿಲೋಓಮ್, 3.3 ವೋಲ್ಟಿನಲ್ಲಿ ಗೆರೆಯನ್ನು ಕೆಳಗೆಳೆಯಲು 3.5 ಮಿಲಿಆಂಪಿಯರ್ ಬೇಕು, ಸಾಮಾನ್ಯ ಚಿಪ್‌ಗಳ ಭರವಸೆ 3ರವರೆಗೆ ಮಾತ್ರ. ವಿಳಾಸಗಳ ಘರ್ಷಣೆಯನ್ನೂ ಈಗಲೇ ನೋಡಿ: ಬಿಎಂಇ280 ಸೆನ್ಸರಿಗೆ ಇರುವುದು ಎರಡೇ ವಿಳಾಸ, ಹಾಗಾಗಿ ಒಂದೇ ಗೆರೆಯಲ್ಲಿ ಮೂರನೆಯದು ಕೂರದು.

5 ವೋಲ್ಟಿನ ಭಾಗದಿಂದ 3.3 ವೋಲ್ಟಿನ ಚಿಪ್ಪಿಗೆ ಬರುವ ಗೆರೆಗಳನ್ನು ಕೆಂಪಿನಲ್ಲಿ ಗುರುತಿಸಿ. ಹೆಚ್‌ಸಿ-ಎಸ್‌ಆರ್04 ದೂರ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು. ಎದುರು ದಿಕ್ಕಿನಲ್ಲಿ, 5 ವೋಲ್ಟಿನ ಎಟಿಮೆಗಾಗೆ 3 ವೋಲ್ಟಿನ ಮೇಲೆ ಸಿಕ್ಕರೆ ‘ಒಂದು’ ಎಂದು ಓದುತ್ತದೆ, 3.3 ವೋಲ್ಟಿನ ಸಂಕೇತ ಅಲ್ಲಿ ಕೂದಲೆಳೆಯಲ್ಲಿ ಪಾರಾಗುತ್ತದೆ.

ಯುಎಸ್‌ಬಿ-ಸಿ ಕನೆಕ್ಟರ್ ಹಾಕುತ್ತಿದ್ದರೆ ಸಿಸಿ1, ಸಿಸಿ2 ಎರಡಕ್ಕೂ ಬೇರೆ ಬೇರೆ 5.1 ಕಿಲೋಓಮ್ ಗ್ರೌಂಡಿಗೆ ಇರಲಿ. ರೆಸಿಸ್ಟರೇ ಇಲ್ಲದಿದ್ದರೆ ಸಿಯಿಂದ ಸಿಗೆ ಹೋಗುವ ಕೇಬಲ್ಲಿನಲ್ಲಿ ಪವರೇ ಬರುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ, ಒಳಗೆ ಚಿಪ್ ಇರುವ ಕೇಬಲ್‌ಗಳಲ್ಲಿ ತೊಂದರೆ. 2019ರಲ್ಲಿ ಬಂದ ರಾಸ್‌ಬೆರಿ ಪೈ 4ರ ಮೊದಲ ಆವೃತ್ತಿಯಲ್ಲಿ ಇದೇ ಆಗಿತ್ತು, ಮುಂದಿನ ಆವೃತ್ತಿಯಲ್ಲಿ ತಿದ್ದಿದರು. ಅನುಭವಿ ತಂಡದ ಕಣ್ಣಿಗೂ ತಪ್ಪಿಸಿಕೊಳ್ಳುವಂಥ ಜಾಗ ಇದು, ಎರಡು ಸಲ ನೋಡಿ.

ಅನಲಾಗ್ ಬಗ್ಗೆ ಒಂದೇ ಎಚ್ಚರಿಕೆ: ಇಎಸ್‌ಪಿ32ನಲ್ಲಿ ವೈಫೈ ಓಡುವಾಗ ಎರಡನೇ ಎಡಿಸಿಯ ಪಿನ್ನುಗಳನ್ನು ನಂಬಿ ಓದಲಾಗದು. ತೇವಾಂಶದ ಸೆನ್ಸರ್ 32ರಿಂದ 39ರೊಳಗೆ ಇರಲಿ.

ಹಂತ 8: ಸಿಂಬಲ್ ಮತ್ತು ಫುಟ್‌ಪ್ರಿಂಟ್

ಸಿಂಬಲ್ ಎಂದರೆ ಸ್ಕೀಮ್ಯಾಟಿಕ್‌ನಲ್ಲಿ ಭಾಗದ ಚಿತ್ರ, ಫುಟ್‌ಪ್ರಿಂಟ್ ಎಂದರೆ ಅದನ್ನು ಬೆಸೆಯಲು ಬೋರ್ಡಿನ ಮೇಲಿರುವ ಪ್ಯಾಡುಗಳ ಅಚ್ಚು. ಸ್ಕೀಮ್ಯಾಟಿಕ್ ಪೂರ್ತಿ ಸರಿಯಿದ್ದು ಬೋರ್ಡ್ ಸಾಯುವುದು ಇಲ್ಲಿ. ಬಿಸಿ547 ಮತ್ತು 2ಎನ್3904 ನೋಡಲು ಒಂದೇ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ಎಡದಿಂದ ಓದಿದರೆ ಮೊದಲನೆಯದು ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದು ಎಮಿಟರ್, ಬೇಸ್, ಕಲೆಕ್ಟರ್. 7805 ಇನ್‌ಪುಟ್‌ನಿಂದ ಶುರುವಾದರೆ ಅದರ ತಮ್ಮ 78ಎಲ್05 ಔಟ್‌ಪುಟ್‌ನಿಂದ ಶುರು. ಎಎಂಎಸ್1117ನ ಬೆನ್ನಿನ ಲೋಹ ಔಟ್‌ಪುಟ್ಟಿಗೆ ಸೇರಿದೆ. ಗ್ರೌಂಡ್ ಎಂದು ತಿಳಿದು ತಾಮ್ರಕ್ಕೆ ಬೆಸೆದರೆ ನೇರ ಶಾರ್ಟ್.

ಹಾಗಾಗಿ ಪ್ರತಿ ಮೂರು ಕಾಲಿನ ಭಾಗಕ್ಕೂ, ಪ್ರತಿ ಡಯೋಡಿಗೂ, ಪ್ರತಿ ಕನೆಕ್ಟರಿಗೂ ಮೂರು ಕಡೆ ತಾಳೆ ನೋಡಿ: ಡೇಟಾಶೀಟಿನ ಚಿತ್ರ, ಸಿಂಬಲ್ಲಿನ ಪಿನ್ ಸಂಖ್ಯೆ, ಫುಟ್‌ಪ್ರಿಂಟಿನ ಪ್ಯಾಡ್ ಸಂಖ್ಯೆ. ಡೇಟಾಶೀಟಿನ ಚಿತ್ರ ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ಎಂದು ಓದಿ. ಎರಡು ಸಾಲಿನ ಹೆಡರ್‌ಗಳಲ್ಲಿ ಕೆಲವು ಸಿಂಬಲ್ ಅಡ್ಡಡ್ಡಲಾಗಿ 1-2, 3-4 ಎಂದು ಎಣಿಸುತ್ತವೆ, ಕೆಲವು ಚಿಪ್ಪಿನಂತೆ ಸುತ್ತಿ ಎಣಿಸುತ್ತವೆ. ಫುಟ್‌ಪ್ರಿಂಟ್‌ಗಳನ್ನು ನಿಜ ಅಳತೆಯಲ್ಲಿ ಪ್ರಿಂಟ್ ಮಾಡಿ, ಕೈಯಲ್ಲಿರುವ ಭಾಗಗಳನ್ನು ಕಾಗದದ ಮೇಲೆ ಇಟ್ಟು ನೋಡುವುದು ಹತ್ತು ನಿಮಿಷದ ಕೆಲಸ.

ಹಂತ 9: ಸಾಫ್ಟ್‌ವೇರಿನ ತಪಾಸಣೆ

ಕೀಕ್ಯಾಡ್ (ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್) ಬಳಸುವವರು ಇಆರ್‌ಸಿ (ಜೋಡಣೆಯ ನಿಯಮಗಳ ತಪಾಸಣೆ) ಓಡಿಸಿ, ಒಂದೊಂದೇ ಸಾಲು ಓದಿ. ಬೇಕೆಂದೇ ಖಾಲಿ ಬಿಟ್ಟ ಪಿನ್ನಿಗೆ ‘ಜೋಡಣೆ ಇಲ್ಲ’ ಗುರುತು ಹಾಕಿ, ಆಗ ಮರೆತು ಬಿಟ್ಟವು ಬೇರೆಯಾಗಿ ಕಾಣುತ್ತವೆ. ಪವರ್ ಪಿನ್ನಿಗೆ ಪವರ್ ಬರುತ್ತಿಲ್ಲ ಎಂಬ ದೂರು ಬಂದ ಕೂಡಲೇ ಪವರ್ ಫ್ಲ್ಯಾಗ್ ಅಂಟಿಸಿ ಬಾಯಿ ಮುಚ್ಚಿಸಬೇಡಿ. ನಿಜಕ್ಕೂ ಆ ನೆಟ್ (ಒಂದಕ್ಕೊಂದು ಕೂಡಿರುವ ಪಿನ್ನುಗಳ ಗುಂಪು) ಕನೆಕ್ಟರಿನವರೆಗೆ ಹೋಗಿದೆಯೇ ನೋಡಿ, ಆಮೇಲೆ ಅಂಟಿಸಿ. ಲೇಬಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಎರಡು ಬೇರೆ ನೆಟ್ ಆಗುತ್ತವೆ. ಒಂದೇ ಪಿನ್ ಇರುವ ನೆಟ್‌ಗಳನ್ನು ಹುಡುಕಿದರೆ ಅವು ಸಿಕ್ಕಿಬೀಳುತ್ತವೆ. ನಾಲ್ಕು ಗೆರೆ ಒಂದೇ ಬಿಂದುವಿನಲ್ಲಿ ಕೂಡುವ ಜಾಗಗಳನ್ನು ಬಿಡಿಸಿ ಬರೆಯಿರಿ, ಚುಕ್ಕೆ ಇದೆಯೋ ಇಲ್ಲವೋ ಎಂಬ ಅನುಮಾನವೇ ಬೇಡ.

ಹಂತ 10: ಇನ್ನೊಬ್ಬರ ಕಣ್ಣು

ಬೇರೆಯವರಿಗೆ ಕೊಡುವಾಗ ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ ಬೇಡ, ಪಿಡಿಎಫ್ ಕೊಡಿ. ಬೋರ್ಡ್ ಏನು ಮಾಡಬೇಕು, ಪವರ್ ಎಲ್ಲಿಂದ ಬರುತ್ತದೆ, ಯಾವ ರೈಲಿನಲ್ಲಿ ಎಷ್ಟು ಕರೆಂಟ್, ನಿಮಗೆ ಎಲ್ಲಿ ಅನುಮಾನವಿದೆ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಉದ್ದೇಶ ತಿಳಿಯದವರು ಗೆರೆಗಳನ್ನಷ್ಟೇ ನೋಡಬಲ್ಲರು.

ನೀವೇ ಇನ್ನೊಬ್ಬರದನ್ನು ನೋಡುತ್ತಿದ್ದರೆ ಟಿಪ್ಪಣಿಗಳನ್ನು ಬೇರ್ಪಡಿಸಿ ಕೊಡಿ: ಹೀಗೇ ಬಿಟ್ಟರೆ ಬೋರ್ಡ್ ಓಡುವುದಿಲ್ಲ ಎಂಬವು ಮೊದಲು, ಒಮ್ಮೊಮ್ಮೆ ಕೈಕೊಡಬಹುದು ಎಂಬವು ಆಮೇಲೆ, ನಿಮ್ಮ ಅಭಿರುಚಿಯವು ಕೊನೆಗೆ. ಮೂವತ್ತು ಟಿಪ್ಪಣಿ ಕಲಸಿ ಕೊಟ್ಟರೆ ಹೊಸಬರು ಸಿಂಬಲ್ಲಿನ ಜೋಡಣೆ ತಿದ್ದಿ, 12ನೇ ಪಿನ್ನಿನ ಪುಲ್‌ಅಪ್ಪನ್ನು ಹಾಗೇ ಬಿಡುತ್ತಾರೆ. ‘ಇದು ತಪ್ಪು’ ಎನ್ನುವಾಗ ಡೇಟಾಶೀಟಿನ ಪುಟಸಂಖ್ಯೆ ಸೇರಿಸಿ.

ತಿದ್ದುಪಡಿಗಳಾದ ಮೇಲೆ ಬದಲಾದ ಭಾಗಗಳಿಗೆ ಮತ್ತೆ ಬಣ್ಣ ಬಳಿಯಬೇಕು. ಕೊನೆಗಳಿಗೆಯಲ್ಲಿ ಸೇರಿಸಿದ ಎಲ್‌ಇಡಿ, ಸರಿಸಿದ ಪಿನ್ ಇವನ್ನು ಯಾರೂ ಪರಿಶೀಲಿಸಿರುವುದಿಲ್ಲ.

ಹಂತ 11: ಬೋರ್ಡ್ ಬಂದ ದಿನಕ್ಕಾಗಿ

ಪ್ರತಿ ಪವರ್ ರೈಲಿಗೂ, ಪಂಪಿನ ಗೇಟಿಗೂ, ಸೀರಿಯಲ್ ಗೆರೆಗಳಿಗೂ ಟೆಸ್ಟ್ ಪಾಯಿಂಟ್ ಹಾಕಿ. ಅವುಗಳ ಪಕ್ಕದಲ್ಲಿ ಮಲ್ಟಿಮೀಟರಿನ ಕಪ್ಪು ತುದಿಗೆಂದು ಗ್ರೌಂಡ್ ಕೊಂಡಿಯೂ ಒಂದಿರಲಿ. ರೆಗ್ಯುಲೇಟರಿಗೂ ಉಳಿದ ಬೋರ್ಡಿಗೂ ನಡುವೆ ಒಂದು ಸೊನ್ನೆ ಓಮ್ ರೆಸಿಸ್ಟರ್ ಇದ್ದರೆ, ಅದನ್ನು ಬೆಸೆಯುವ ಮೊದಲೇ ಪವರ್ ಭಾಗವನ್ನು ಒಂಟಿಯಾಗಿ ಪರೀಕ್ಷಿಸಬಹುದು. ಆವೃತ್ತಿ ಸಂಖ್ಯೆಯನ್ನು ಸ್ಕೀಮ್ಯಾಟಿಕ್‌ನಲ್ಲೂ ಬೋರ್ಡಿನ ಮೇಲೂ ಅಚ್ಚು ಮಾಡಿಸಿ.

ಮೊದಲ ಪವರ್ ಕೊಡುವ ಪಟ್ಟಿಯನ್ನು ಪರಿಶೀಲನೆ ತಲೆಯಲ್ಲಿ ತಾಜಾ ಇರುವಾಗಲೇ ಬರೆದಿಡಿ: ಯಾವ ಟೆಸ್ಟ್ ಪಾಯಿಂಟಿನಲ್ಲಿ ಎಷ್ಟು ವೋಲ್ಟ್ ಬರಬೇಕು, ಕೋಡ್ ತುಂಬುವ ಮೊದಲು ಗೇಟಿನಲ್ಲಿ ಎಷ್ಟಿರಬೇಕು, ಪಂಪ್ ಜೋಡಿಸದೆ ಒಟ್ಟು ಕರೆಂಟ್ ಎಷ್ಟಿರಬೇಕು. ಕರೆಂಟ್ ಮಿತಿ ಇಡಬಲ್ಲ ಪವರ್ ಸಪ್ಲೈ ಇದ್ದರೆ ಮೊದಲಿಗೆ 100 ಮಿಲಿಆಂಪಿಯರ್‌ಗೆ ಇಡಿ. 3.3 ವೋಲ್ಟ್ ರೈಲು ಪಟ್ಟಿಯಲ್ಲಿ ಬರೆದಷ್ಟೇ ತೋರಿಸಿದ ಮೇಲೆ ಮಿತಿಯನ್ನು 500ಕ್ಕೆ ಏರಿಸಿ ಪ್ರೋಗ್ರಾಂ ತುಂಬಿ. ಪಂಪಿನ ವೈರು ಎಲ್ಲಕ್ಕಿಂತ ಕೊನೆಗೆ.